ಚಮಚ, ಕುರ್ಚಿ, ಕಿಟಕಿ: ದಿನಾ ಕಾಣುವ ವಸ್ತುಗಳ ಫೋಟೋ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಟ್ಟ, ಜಲಪಾತ, ಹುಲಿಗಳ ಫೋಟೋ ತೆಗೆಯುವುದನ್ನು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಇಲ್ಲಿ ಅದ್ಯಾವುದೂ ಇಲ್ಲ. ಮೇಜಿನ ಮೇಲಿನ ಲೋಟ, ಒಣಹಾಕಿದ ಟವೆಲ್, ಮೆಟ್ಟಿಲ ಕೆಳಗೆ ಬಿದ್ದಿರುವ ಚಪ್ಪಲಿ, ಇಂಥವುಗಳ ಫೋಟೋ ಚೆನ್ನಾಗಿ ಬರಬೇಕೆಂದರೆ ಏನು ಮಾಡಬೇಕು ಅನ್ನುವುದಷ್ಟೇ ಇದೆ.

ನನ್ನ ಸುತ್ತಮುತ್ತ ಫೋಟೋ ತೆಗೆಯುವಂಥದ್ದು ಏನೂ ಇಲ್ಲ. ಎಲ್ಲಿಗಾದರೂ ಹೋಗಲೇಬೇಕಾ?

ಬೇಡ. ಫೋಟೋಗ್ರಫಿ ಶುರುವಾಗಿದ್ದೇ ಮನೆಯಿಂದ. ಇವತ್ತಿಗೆ ಉಳಿದಿರುವ ಕ್ಯಾಮೆರಾ ಫೋಟೋಗಳಲ್ಲಿ ಎಲ್ಲಕ್ಕಿಂತ ಹಳೆಯದನ್ನು ಫ್ರಾನ್ಸಿನ ನಿಸೆಫೋರ್ ನಿಯೆಪ್ಸ್ 1826 ಅಥವಾ 1827ರಲ್ಲಿ ತೆಗೆದರು. ಅದರಲ್ಲಿರುವುದು ಅವರ ಮನೆ ಮಹಡಿಯ ಕಿಟಕಿಯಿಂದ ಕಾಣುತ್ತಿದ್ದ ಸೂರು ಮತ್ತು ಗೋಡೆ, ಅಷ್ಟೇ. 1844ರಲ್ಲಿ ಇಂಗ್ಲೆಂಡಿನ ಹೆನ್ರಿ ಫಾಕ್ಸ್ ಟಾಲ್ಬಟ್ ಒಂದು ಪೊರಕೆಯನ್ನು ತೆರೆದ ಬಾಗಿಲ ಹತ್ತಿರ ಒರಗಿಸಿಟ್ಟು ಫೋಟೋ ತೆಗೆದರು. ಬಾಗಿಲ ಮೇಲೆ ಓರೆಯಾಗಿ ಬಿದ್ದ ನೆರಳು, ಹೆಚ್ಚು ಕಡಿಮೆ ಅದೇ ಓರೆಯಲ್ಲಿ ನಿಂತ ಪೊರಕೆ, ಒಳಗೆ ಕತ್ತಲು. ಅದನ್ನು ಇವತ್ತಿಗೂ ಜನ ನಿಂತು ನೋಡುತ್ತಾರೆ. ಪೊರಕೆ ಎಲ್ಲರ ಮನೆಯಲ್ಲೂ ಇದೆ, ಅಲ್ವಾ?

ಎದುರಿಗೆ ಚೆನ್ನಾಗಿ ಕಾಣುವ ವಸ್ತು ಫೋಟೋದಲ್ಲಿ ಯಾಕೆ ಸಪ್ಪೆಯಾಗುತ್ತದೆ?

ಕುರ್ಚಿ ಕಂಡ ಕೂಡಲೇ ತಲೆ 'ಕುರ್ಚಿ' ಅಂತ ಗುರುತಿಸಿಬಿಡುತ್ತದೆ. ಅಲ್ಲಿಗೆ ನೋಡುವ ಕೆಲಸ ಮುಗಿಯಿತು. ಆಮೇಲೆ ನಿಂತಲ್ಲಿಂದಲೇ ಫೋನ್ ಎತ್ತಿ, ಕುರ್ಚಿಯನ್ನು ನಡುವಿಗೆ ತಂದು, ಕ್ಲಿಕ್ ಮಾಡುತ್ತೇವೆ. ಬಂದ ಫೋಟೋ ಹೇಳುವುದು 'ಇದು ಕುರ್ಚಿ' ಅಂತ ಮಾತ್ರ. ಆ ವಿಷಯ ನೋಡುವವರಿಗೆ ಮೊದಲೇ ಗೊತ್ತು.

ಇನ್ನೊಂದು ಕಾರಣ ಇದೆ. ನಮಗೆ ಎರಡು ಕಣ್ಣು, ಕ್ಯಾಮೆರಾಕ್ಕೆ ಒಂದೇ. ಎದುರಿಗೆ ನೋಡುವಾಗ ವಸ್ತುವಿನ ಉಬ್ಬು ತಗ್ಗು, ಹಿಂದೆ ಮುಂದೆ ಎಲ್ಲ ತಾನಾಗಿಯೇ ತಿಳಿಯುತ್ತದೆ. ಫೋಟೋದಲ್ಲಿ ಅದನ್ನು ನೆರಳೇ ತೋರಿಸಬೇಕು. ನೆರಳಿಲ್ಲದ ಬೆಳಕಲ್ಲಿ ತೆಗೆದರೆ ಎಲ್ಲ ಚಪ್ಪಟೆ. ತೆಗೆಯುವ ಮೊದಲು ಒಂದು ಕಣ್ಣು ಮುಚ್ಚಿ ನೋಡಿ. ಹಾಗೆ ನೋಡಿದಾಗಲೂ ಚೆನ್ನಾಗಿ ಕಂಡರೆ ಫೋಟೋದಲ್ಲೂ ಚೆನ್ನಾಗಿ ಬರುವ ಸಾಧ್ಯತೆ ಜಾಸ್ತಿ.

ಒಳ್ಳೆ ಕ್ಯಾಮೆರಾ ಬೇಕಾ?

ಫೋನ್ ಸಾಕು. ಈ ಪುಟದಲ್ಲಿರುವ ಹೆಚ್ಚಿನದನ್ನೆಲ್ಲ ಫೋನಲ್ಲೇ ಮಾಡಬಹುದು. ದುಡ್ಡು ಖರ್ಚು ಮಾಡಲೇಬೇಕು ಅನ್ನಿಸಿದರೆ ಫೋನ್ ಹಿಡಿಯುವ ಒಂದು ಚಿಕ್ಕ ಟ್ರೈಪಾಡ್ ತಗೊಳ್ಳಿ, ಹೊಸ ಫೋನ್ ಬೇಡ. ಮತ್ತೆ ಲೆನ್ಸ್ ಒರೆಸಿ. ತಮಾಷೆ ಅಲ್ಲ. ಜೇಬಿನಲ್ಲಿದ್ದ ಫೋನಿನ ಲೆನ್ಸ್ ಮೇಲೆ ಬೆರಳಿನ ಜಿಡ್ಡು ಇದ್ದೇ ಇರುತ್ತದೆ. ಬೆಳಕಿನ ಸುತ್ತ ಮಂಜು ಕವಿದಂತೆ ಕಾಣುವುದು ಬಹಳ ಸಲ ಅದರಿಂದಲೇ.

'ಬೆಳಕು ನೋಡಿ' ಅಂತ ಎಲ್ಲರೂ ಹೇಳುತ್ತಾರೆ. ಅಂದರೆ ನಿಜವಾಗಿ ಏನು ನೋಡಬೇಕು?

ಮೂರು ವಿಷಯ ನೋಡಿದರೆ ಸಾಕು. ಬೆಳಕು ಯಾವ ಕಡೆಯಿಂದ ಬರುತ್ತಿದೆ, ನೆರಳಿನ ಅಂಚು ಚೂಪಾಗಿದೆಯಾ ಮಸುಕಾಗಿದೆಯಾ, ಬೆಳಕಿಗೂ ನೆರಳಿಗೂ ಎಷ್ಟು ವ್ಯತ್ಯಾಸ ಇದೆ.

ಹೇಳಿದರೆ ಅರ್ಥ ಆಗುವುದು ಕಷ್ಟ, ಮಾಡಿ ನೋಡಿ. ಹಗಲಲ್ಲಿ ಕೋಣೆಯ ಲೈಟೆಲ್ಲ ಆರಿಸಿ. ಒಂದೇ ಕಿಟಕಿ ತೆರೆದಿರಲಿ. ಅದರ ಪಕ್ಕ ಒಂದು ಸ್ಟೂಲ್ ಹಾಕಿ, ಮೇಲೆ ಮಡಚಿದ ಟವೆಲ್ ಇಡಿ. ಮೊದಲು ನೀವು ಕಿಟಕಿಗೆ ಬೆನ್ನು ಹಾಕಿ ನಿಂತು ಟವೆಲ್ ನೋಡಿ. ಬಣ್ಣ ಚೆನ್ನಾಗಿ ಕಾಣುತ್ತದೆ, ಆದರೆ ಬಟ್ಟೆ ಕಾಗದದ ಥರ ಚಪ್ಪಟೆ. ಈಗ ಕಿಟಕಿ ನಿಮ್ಮ ಎಡಕ್ಕೋ ಬಲಕ್ಕೋ ಬರುವ ಹಾಗೆ ಸರಿಯಿರಿ. ಟವೆಲಿನ ಒಂದೊಂದು ಎಳೆಗೂ ಅದರದೇ ಪುಟ್ಟ ನೆರಳು ಬರುತ್ತದೆ. ಮಡಿಕೆಗಳು ಎದ್ದು ನಿಲ್ಲುತ್ತವೆ. ಮುಟ್ಟಬೇಕು ಅನ್ನಿಸುತ್ತದೆ. ಇನ್ನೂ ಸರಿದು ಟವೆಲನ್ನು ನಿಮಗೂ ಕಿಟಕಿಗೂ ನಡುವೆ ತನ್ನಿ. ಈಗ ಬಟ್ಟೆ ಹೆಚ್ಚು ಕಡಿಮೆ ಕಪ್ಪು, ಅಂಚಿನ ನೂಲುಗಳಷ್ಟೇ ಹೊಳೆಯುತ್ತವೆ. ವಸ್ತು ಅದೇ, ಕಿಟಕಿ ಅದೇ, ನೀವು ನಡೆದದ್ದು ನಾಲ್ಕು ಹೆಜ್ಜೆ. ಮೂರು ಬೇರೆ ಬೇರೆ ಫೋಟೋ ಸಿಕ್ಕಿತು.

ಒಂದು ಲೆಕ್ಕ ನೆನಪಿಟ್ಟುಕೊಳ್ಳಿ: ಮೇಲ್ಮೈಯ ಒರಟುತನ ಬೇಕಾದರೆ ಪಕ್ಕದ ಬೆಳಕು, ಆಕಾರ ಬೇಕಾದರೆ ಹಿಂದಿನ ಬೆಳಕು. ಗಾಜು, ಎಲೆ, ತೆಳು ಬಟ್ಟೆಯಂಥ ಬೆಳಕು ಹಾಯುವ ವಸ್ತುಗಳಿಗೂ ಹಿಂದಿನ ಬೆಳಕೇ ಸರಿ. ಒಣಗಿದ ಎಲೆಯನ್ನು ಬಿಸಿಲಿಗೆ ಅಡ್ಡ ಹಿಡಿದರೆ ನರ ನರವೂ ಕಾಣುತ್ತದೆ. ಅದನ್ನೇ ಮೇಜಿನ ಮೇಲಿಟ್ಟು ತೆಗೆದರೆ ಕಸ.

ನೆರಳಿನ ಭಾಗ ತೀರಾ ಕಪ್ಪಾಯಿತು ಅನ್ನಿಸಿದರೆ ಕಿಟಕಿಯ ಎದುರು ಬದಿಯಲ್ಲಿ ಒಂದು ಬಿಳಿ ಹಾಳೆ ನಿಲ್ಲಿಸಿ. ಅದು ಬೆಳಕನ್ನು ವಾಪಸ್ ಎಸೆಯುತ್ತದೆ. ಹಾಳೆಯನ್ನು ಹತ್ತಿರ ತಂದಷ್ಟೂ ನೆರಳು ತಿಳಿಯಾಗುತ್ತದೆ. ಉಲ್ಟಾ ಬೇಕಾದರೆ, ಅಂದರೆ ನೆರಳು ಇನ್ನೂ ಗಾಢವಾಗಬೇಕಾದರೆ, ಕಪ್ಪು ಹಾಳೆ ಇಡಿ. ಇದನ್ನು ಜಾಸ್ತಿ ಜನ ಮಾಡುವುದೇ ಇಲ್ಲ. ನನ್ನ ಪ್ರಕಾರ ಕಪ್ಪು ಹಾಳೆಯೇ ಹೆಚ್ಚು ಉಪಯೋಗದ್ದು.

ಫೋನಿನ ಫ್ಲ್ಯಾಶ್ ಆಫ್ ಮಾಡಿಡಿ. ಅದು ಲೆನ್ಸಿನ ಪಕ್ಕದಲ್ಲೇ ಕೂತಿರುತ್ತದೆ. ಹಾಗಾಗಿ ಬೆಳಕು ನೇರ ಎದುರಿಂದ ಬಿದ್ದು ನೆರಳೆಲ್ಲ ವಸ್ತುವಿನ ಹಿಂದೆ ಅಡಗುತ್ತದೆ. ರಾತ್ರಿ ತೆಗೆಯಬೇಕೆಂದರೆ ಇನ್ನೊಂದು ಫೋನಿನ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ.

ಮಧ್ಯಾಹ್ನದ ಬಿಸಿಲಲ್ಲಿ ಫೋಟೋ ತೆಗೆಯಬಾರದು ಅಂತಾರಲ್ಲ?

ಮುಖದ ಫೋಟೋಕ್ಕೆ ಆ ಮಾತು ಸರಿ. ಕಣ್ಣಿನ ಕೆಳಗೆ ಕಪ್ಪು ಗುಂಡಿ ಬೀಳುತ್ತದೆ. ವಸ್ತುಗಳಿಗೆ ಈ ನಿಯಮ ಯಾಕೆ? ಕಡು ಬಿಸಿಲಲ್ಲಿ ನೆರಳಿನ ಅಂಚು ಚೂಪಾಗಿರುತ್ತದೆ. ಆಗ ವಸ್ತುವನ್ನು ಬಿಟ್ಟು ನೆರಳನ್ನೇ ತೆಗೆಯಿರಿ. ಗ್ರಿಲ್, ಮೆಟ್ಟಿಲು, ಸೈಕಲ್ ಚಕ್ರ, ಬಟ್ಟೆ ಕ್ಲಿಪ್, ಎಲ್ಲದಕ್ಕೂ ನೆಲದ ಮೇಲೆ ಇನ್ನೊಂದು ರೂಪ ಇರುತ್ತದೆ.

ನೆರಳಿನ ಉದ್ದ ಎಷ್ಟಿರಬೇಕು ಅನ್ನುವುದನ್ನು ಹೊತ್ತು ನೋಡಿ ಆರಿಸಿಕೊಳ್ಳಬಹುದು. ಸೂರ್ಯ ದಿಗಂತದಿಂದ 45 ಡಿಗ್ರಿ ಮೇಲಿದ್ದಾಗ ನೆರಳು ವಸ್ತುವಿನಷ್ಟೇ ಉದ್ದ. 30 ಡಿಗ್ರಿಗೆ ಇಳಿದಾಗ ಸುಮಾರು 1.7 ಪಟ್ಟು. 10 ಡಿಗ್ರಿಗೆ ಬಂದಾಗ ಸುಮಾರು 5.7 ಪಟ್ಟು. ಸಂಜೆ ಕೊನೆಯ ಹೊತ್ತಲ್ಲಿ ನೆರಳು ನೋಡನೋಡುತ್ತ ಹಿಗ್ಗುವುದು ಇದಕ್ಕೇ. ಹತ್ತು ನಿಮಿಷ ತಡ ಮಾಡಿದರೆ ಫೋಟೋನೇ ಬೇರೆ ಆಗುತ್ತದೆ.

ಫೋಟೋಗ್ರಾಫರ್ ಆಂದ್ರೆ ಕೆರ್ಟೆಸ್ 1928ರಲ್ಲಿ ಪ್ಯಾರಿಸ್‌ನಲ್ಲಿ ತೆಗೆದ ಒಂದು ಫೋಟೋ ಇದೆ. ತಟ್ಟೆಯ ಅಂಚಿಗೆ ಒರಗಿಸಿದ ಒಂದು ಫೋರ್ಕ್, ಅದರ ನೆರಳು. ಮತ್ತೇನೂ ಇಲ್ಲ. ಒಮ್ಮೆ ಹುಡುಕಿ ನೋಡಿ. ಫೋರ್ಕಿಗೂ ನೆರಳಿಗೂ ಅಲ್ಲಿ ಸಮಪಾಲು.

ಯಾವ ಕೋನದಿಂದ ತೆಗೆದರೆ ಚೆನ್ನ?

ನೀವು ಯಾವತ್ತೂ ನೋಡದ ಕೋನದಿಂದ. ನಿಂತ ಎತ್ತರದಿಂದ ಎಲ್ಲರೂ ಎಲ್ಲವನ್ನೂ ನೋಡಿಯಾಗಿದೆ. 1920ರ ದಶಕದಲ್ಲಿ ರಷ್ಯಾದ ಅಲೆಕ್ಸಾಂಡರ್ ರೊಡ್ಚೆಂಕೊ ಇದರ ಬಗ್ಗೆ ದೊಡ್ಡ ಜಗಳವನ್ನೇ ಹೂಡಿದರು. ಆಗಿನ ಕ್ಯಾಮೆರಾಗಳನ್ನು ಹೊಟ್ಟೆಯ ಹತ್ತಿರ ಹಿಡಿದು ತೆಗೆಯುತ್ತಿದ್ದರು. ಹೊಕ್ಕುಳ ಮಟ್ಟದ ಈ ನೋಟ ಸಾಕು, ತಲೆಯ ಮೇಲಿಂದ ತೆಗೆಯಿರಿ, ಕಾಲ ಕೆಳಗಿಂದ ತೆಗೆಯಿರಿ ಅಂತ ಅವರ ವಾದ. ಬಾಲ್ಕನಿಗಳನ್ನು, ಮೆಟ್ಟಿಲುಗಳನ್ನು ಹಾಗೇ ತೆಗೆದು ತೋರಿಸಿದರು.

ನೆಲದ ಮಟ್ಟಕ್ಕೆ ಹೋಗಲು ಒಂದು ಸುಲಭ ದಾರಿ: ಫೋನನ್ನು ತಲೆಕೆಳಗು ಮಾಡಿ ಹಿಡಿಯಿರಿ. ಲೆನ್ಸ್ ಸಾಮಾನ್ಯವಾಗಿ ಮೇಲ್ತುದಿಯಲ್ಲಿರುತ್ತದೆ, ತಿರುಗಿಸಿದರೆ ನೆಲಕ್ಕೆ ಅಂಟುವಷ್ಟು ಕೆಳಗೆ ಬರುತ್ತದೆ. ಆ ಎತ್ತರದಿಂದ ಚಪ್ಪಲಿ ದೋಣಿಯಷ್ಟು ದೊಡ್ಡದಾಗುತ್ತದೆ. ನೆಲದಲ್ಲಿ ನಿಂತ ಒಂದು ಲೋಟ ನೀರಿನ ತೆಳು ಪದರವೂ ಕೆರೆಯ ಥರ ಪ್ರತಿಬಿಂಬ ಕೊಡುತ್ತದೆ.

ನೇರ ಮೇಲಿಂದ ತೆಗೆಯುವಾಗ ಪೂರ್ತಿ ನೇರ ಇರಲಿ. ಅರೆಬರೆ ಓರೆಯಾದರೆ ಅದು ಬೇಕಂತಲೇ ಮಾಡಿದ್ದು ಅನ್ನಿಸುವುದಿಲ್ಲ, ಕೈ ಅಲ್ಲಾಡಿದ್ದು ಅನ್ನಿಸುತ್ತದೆ. ಪರದೆ ಮೇಲೆ ಗೆರೆಗಳನ್ನು ತೋರಿಸುವ ಗ್ರಿಡ್ ಹಾಕಿಕೊಂಡರೆ ಕೆಲವು ಫೋನ್‌ಗಳಲ್ಲಿ ನಡುವೆ ಎರಡು ಪ್ಲಸ್ ಗುರುತು ಬರುತ್ತವೆ. ಅವು ಒಂದರ ಮೇಲೊಂದು ಕೂತರೆ ಫೋನ್ ನೇರ ಇದೆ ಅಂತ ಅರ್ಥ.

ಹತ್ತಿರ ಹೋದರೆ ಮಸುಕಾಗುತ್ತದೆ. ಏನು ಮಾಡಲಿ?

ಪ್ರತಿ ಲೆನ್ಸಿಗೂ ಒಂದು ಕನಿಷ್ಠ ದೂರ ಇದೆ. ಅದಕ್ಕಿಂತ ಹತ್ತಿರ ಹೋದರೆ ಫೋಕಸ್ ಆಗುವುದೇ ಇಲ್ಲ. ಸ್ವಲ್ಪ ಹಿಂದೆ ಸರಿದು 2 ಪಟ್ಟು ಜೂಮ್ ಮಾಡಿ. ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಇರುವ ಫೋನ್ ಆದರೆ ಅದನ್ನು ಬಳಸಿ. ಇಲ್ಲದಿದ್ದರೆ ಒಂದು ಭೂತಕನ್ನಡಿಯನ್ನು ಲೆನ್ಸಿಗೆ ಅಂಟಿಸಿದ ಹಾಗೆ ಹಿಡಿಯಿರಿ. ಅಂಚುಗಳು ಹದಗೆಡುತ್ತವೆ, ನಡುಭಾಗ ಚೆನ್ನಾಗಿ ಬರುತ್ತದೆ. ಇಷ್ಟು ಹತ್ತಿರದಲ್ಲಿ ಉಸಿರಾಡಿದರೂ ಫೋಕಸ್ ತಪ್ಪುತ್ತದೆ, ಹಾಗಾಗಿ ಫೋನನ್ನು ಯಾವುದಕ್ಕಾದರೂ ಒರಗಿಸಿ ಟೈಮರ್ ಹಾಕಿ.

ಹತ್ತಿರ ಹೋದಾಗ ವಸ್ತು ಸೊಟ್ಟಗೆ ಕಂಡರೆ ಲೆನ್ಸನ್ನು ಬೈಯಬೇಡಿ. ಹತ್ತಿರದ ಭಾಗ ದೊಡ್ಡದಾಗಿ, ದೂರದ ಭಾಗ ಚಿಕ್ಕದಾಗಿ ಕಾಣುವುದು ನೀವು ನಿಂತ ದೂರದಿಂದ. ಸೊಟ್ಟ ಬೇಡವಾದರೆ ಹಿಂದೆ ಹೋಗಿ ಜೂಮ್ ಮಾಡಿ. ಬೇಕಾದರೆ ಇನ್ನೂ ಹತ್ತಿರ ಹೋಗಿ. ಉದ್ದ ಹಿಡಿಯ ಸೌಟು, ಸುತ್ತಿಗೆ ಇಂಥವಕ್ಕೆ ಆ ಸೊಟ್ಟವೇ ಸೊಗಸು.

ಹತ್ತಿರದಿಂದ ನೋಡಿದಾಗ ಏನೇನು ಸಿಗಬಹುದು ಅನ್ನುವುದಕ್ಕೆ ಜರ್ಮನಿಯ ಕಾರ್ಲ್ ಬ್ಲಾಸ್‌ಫೆಲ್ಟ್ ಅವರ ಫೋಟೋಗಳನ್ನು ನೋಡಬೇಕು. ಬರ್ಲಿನ್‌ನಲ್ಲಿ ಕಲಾ ಶಿಕ್ಷಕರಾಗಿದ್ದವರು. ದಾರಿ ಬದಿಯ ಗಿಡಗಳ ಮೊಗ್ಗು, ಕುಡಿ, ಬೀಜದ ಕಾಯಿಗಳನ್ನು ತಾವೇ ಮಾಡಿಕೊಂಡ ಕ್ಯಾಮೆರಾದಲ್ಲಿ ಹತ್ತಾರು ಪಟ್ಟು ಹಿಗ್ಗಿಸಿ ತೆಗೆದರು. ಜರೀಗಿಡದ ಸುರುಳಿ ಅವರ ಫೋಟೋದಲ್ಲಿ ಕಬ್ಬಿಣದ ಕೆತ್ತನೆಯ ಥರ ಕಾಣುತ್ತದೆ. ಹಿನ್ನೆಲೆ ಬರೀ ಬೂದು ಅಥವಾ ಬಿಳಿ. ಚಾಲಾಕಿತನ ಒಂದಿಷ್ಟೂ ಇಲ್ಲ.

ಮೂರನೇ ಒಂದು ಭಾಗದ ನಿಯಮ ಪಾಲಿಸಲೇಬೇಕಾ?

ಫ್ರೇಮನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಭಾಗ ಮಾಡಿ, ಗೆರೆಗಳು ಸೇರುವ ಜಾಗದಲ್ಲಿ ಮುಖ್ಯ ವಸ್ತು ಇಡಿ ಅನ್ನುವ ಸಲಹೆ ಇದು. ಫೋಟೋಗ್ರಫಿ ಹುಟ್ಟುವುದಕ್ಕೂ ಮೊದಲಿನದು. 1797ರಲ್ಲೇ ಇಂಗ್ಲೆಂಡಿನಲ್ಲಿ ಚಿತ್ರಕಲೆಯ ಬಗ್ಗೆ ಬರೆದವರೊಬ್ಬರು ಇದಕ್ಕೆ ಈ ಹೆಸರು ಕೊಟ್ಟಿದ್ದರು. ಎಲ್ಲವನ್ನೂ ನಡುವಿಗೇ ತರುವ ಚಟ ಬಿಡಿಸಲು ಇದು ಒಳ್ಳೆಯದು. ಅದಕ್ಕಿಂತ ಹೆಚ್ಚಿನ ಬೆಲೆ ಕೊಡಬೇಡಿ. ಎರಡೂ ಕಡೆ ಒಂದೇ ಥರ ಇರುವ ಬಾಗಿಲು, ಮೇಲಿಂದ ತೆಗೆದ ಬಕೆಟ್, ಸುರುಳಿ ಮೆಟ್ಟಿಲು ಇವೆಲ್ಲ ನಟ್ಟನಡುವೆಯೇ ಚೆನ್ನ. ಖಾಲಿ ಗೋಡೆಯ ಮೂಲೆಯಲ್ಲಿ ಒಂದೇ ಒಂದು ಸ್ವಿಚ್ ಇಟ್ಟು ಉಳಿದದ್ದನ್ನೆಲ್ಲ ಬಿಡುವುದೂ ಸರಿಯೇ.

ನಾನು ಇದಕ್ಕಿಂತ ಜಾಸ್ತಿ ಗಮನ ಕೊಡುವುದು ಅಂಚುಗಳಿಗೆ. ಕ್ಲಿಕ್ ಮಾಡುವ ಮೊದಲು ಫ್ರೇಮಿನ ನಾಲ್ಕೂ ಅಂಚನ್ನು ಒಂದು ಸುತ್ತು ನೋಡಿ. ಅರ್ಧ ಕತ್ತರಿಸಿದ ವೈರ್, ಇಣುಕುವ ಪ್ಲಾಸ್ಟಿಕ್ ಕವರ್, ನಿಮ್ಮದೇ ಕಾಲ ಬೆರಳು, ಏನಾದರೊಂದು ಇದ್ದೇ ಇರುತ್ತದೆ.

ಹಿನ್ನೆಲೆ ತುಂಬಾ ಗಲೀಜು. ಬ್ಲರ್ ಮಾಡಲಾ?

ಪೋರ್ಟ್ರೇಟ್ ಮೋಡ್ ಲೆಕ್ಕ ಹಾಕಿ ಬ್ಲರ್ ಮಾಡುತ್ತದೆ. ಲೋಟದ ಅಂಚು, ಕನ್ನಡಕದ ಕಡ್ಡಿ, ಎಲೆಯ ತುದಿಯಲ್ಲಿ ಅದು ಎಡವುತ್ತದೆ. ನಾಲ್ಕು ಸುಲಭ ದಾರಿಗಳಿವೆ. ವಸ್ತುವನ್ನು ಗೋಡೆಯಿಂದ ದೂರ ತನ್ನಿ. ಕೆಳಗಿಂದ ತೆಗೆದು ಆಕಾಶವನ್ನೇ ಹಿನ್ನೆಲೆ ಮಾಡಿ. ಮೇಲಿಂದ ತೆಗೆದು ನೆಲವನ್ನು ಹಿನ್ನೆಲೆ ಮಾಡಿ. ಇಲ್ಲವೇ ವಸ್ತು ಬಿಸಿಲಲ್ಲಿ, ಹಿಂದಿನದು ನೆರಳಲ್ಲಿ ಇರುವ ಹಾಗೆ ನೋಡಿಕೊಂಡು ಎಕ್ಸ್‌ಪೋಷರ್, ಅಂದರೆ ಫೋಟೋದ ಬೆಳಕಿನ ಮಟ್ಟ, ಇಳಿಸಿ. ಗಲೀಜೆಲ್ಲ ಕತ್ತಲಲ್ಲಿ ಮುಚ್ಚಿಹೋಗುತ್ತದೆ.

ಕೆಲವು ಸಲ ಆ ಗಲೀಜೇ ಫೋಟೋ ಆಗಿರುತ್ತದೆ, ಅದನ್ನೂ ನೋಡಿ.

ಮನೆಯಲ್ಲೇ ಮಾಡಬಹುದಾದ ಏನಾದರೂ ವಿಶೇಷ ಪ್ರಯೋಗ ಇದೆಯಾ?

ಇದೆ. ನೀರು ಮತ್ತು ಗಾಜಿನಿಂದ ಶುರು ಮಾಡಿ.

ಗಾಜಿನ ಮೇಲೆ ನೀರಿನ ಹನಿ ಚಿಮುಕಿಸಿ. ಹಿಂದೆ ಸ್ವಲ್ಪ ದೂರದಲ್ಲಿ ಬಣ್ಣದ ಹೂವೋ ಪುಸ್ತಕವೋ ಇಡಿ. ಪ್ರತಿ ಹನಿಯೂ ಒಂದು ಪುಟ್ಟ ಲೆನ್ಸ್. ಒಳಗೆ ಹೂವು ತಲೆಕೆಳಗಾಗಿ ಕಾಣುತ್ತದೆ. ಫೋಕಸನ್ನು ಹನಿಯ ಅಂಚಿಗೆ ಇಡಬೇಡಿ, ಒಳಗಿನ ಚಿತ್ರಕ್ಕೆ ಇಡಿ. ನೀರು ಬೇಗ ಹರಿದುಹೋಗುತ್ತಿದ್ದರೆ ಸ್ವಲ್ಪ ಗ್ಲಿಸರಿನ್ ಬೆರೆಸಿ, ಹನಿ ಗುಂಡಗೆ ನಿಲ್ಲುತ್ತದೆ.

ನೇರವಾದ ಗಾಜಿನ ಲೋಟಕ್ಕೆ ನೀರು ತುಂಬಿ. ಹಿಂದೆ ಬಾಣದ ಗುರುತು ಬರೆದ ಕಾಗದ ಹಿಡಿಯಿರಿ. ಕಾಗದವನ್ನು ನಿಧಾನಕ್ಕೆ ಹಿಂದೆ ಸರಿಸುತ್ತ ಹೋದರೆ ಒಂದು ಹಂತದಲ್ಲಿ ಬಾಣ ಎಡದಿಂದ ಬಲಕ್ಕೆ ತಿರುಗಿಬಿಡುತ್ತದೆ. ಮೇಲೆ ಕೆಳಗೆ ಮಾತ್ರ ಬದಲಾಗುವುದಿಲ್ಲ, ಯಾಕೆಂದರೆ ಲೋಟ ಅಡ್ಡಕ್ಕೆ ಮಾತ್ರ ಬಾಗಿದೆ. ಬಾಣದ ಬದಲು ಓರೆ ಪಟ್ಟಿಗಳಿರುವ ಬಟ್ಟೆ ಇಟ್ಟರೆ ಲೋಟದೊಳಗೆ ಪಟ್ಟಿಗಳು ಎದುರು ದಿಕ್ಕಿಗೆ ಓಡುತ್ತವೆ.

ನನಗೆ ತುಂಬಾ ಇಷ್ಟದ್ದು ಮೂರನೆಯದು. ಕಂಪ್ಯೂಟರಿನ ಎಲ್‌ಸಿಡಿ ಮಾನಿಟರ್‌ನಲ್ಲಿ ಪೂರ್ತಿ ಬಿಳಿ ಪರದೆ ತೆರೆಯಿರಿ. ಎದುರಿಗೆ ಪಾರದರ್ಶಕ ಪ್ಲಾಸ್ಟಿಕ್ಕಿನ ಏನಾದರೂ ಹಿಡಿಯಿರಿ: ಸ್ಕೇಲ್, ಚಮಚ, ಸಿಡಿ ಡಬ್ಬಿ. ಈಗ ಪೋಲರೈಸ್ಡ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ) ತಂಪು ಕನ್ನಡಕದ ಒಂದು ಗಾಜನ್ನು ಲೆನ್ಸಿನ ಮುಂದೆ ಹಿಡಿದು ನಿಧಾನಕ್ಕೆ ತಿರುಗಿಸಿ. ಒಂದು ಕೋನಕ್ಕೆ ಬಂದಾಗ ಬಿಳಿ ಪರದೆ ಕಪ್ಪಾಗುತ್ತದೆ. ಪ್ಲಾಸ್ಟಿಕ್ ಮಾತ್ರ ಕಪ್ಪಾಗುವುದಿಲ್ಲ. ಅದರ ಮೈತುಂಬ ನೇರಳೆ, ಹಸಿರು, ಹಳದಿ ಪಟ್ಟೆಗಳು ಎದ್ದು ಬರುತ್ತವೆ. ಎಡಿಟಿಂಗ್ ಏನೂ ಇಲ್ಲ. ಎಲ್‌ಸಿಡಿಯಿಂದ ಬರುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಪ್ಲಾಸ್ಟಿಕ್ಕನ್ನು ಅಚ್ಚಿಗೆ ಹಾಕಿ ತಣಿಸುವಾಗ ಒಳಗೆ ಉಳಿದ ಬಿಗಿತ ಆ ದಿಕ್ಕನ್ನು ತಿರುಚುತ್ತದೆ, ಒಂದೊಂದು ಬಣ್ಣವನ್ನು ಒಂದೊಂದು ಥರ. ಚಮಚದ ಹಿಡಿ ಬಾಗುವ ಕಡೆ ಪಟ್ಟೆಗಳು ಒತ್ತೊತ್ತಾಗಿರುವುದನ್ನು ಗಮನಿಸಿ. ಬಿಗಿತ ಜಾಸ್ತಿ ಇರುವ ಜಾಗ ಅದು. ಬೆರಳಿನಿಂದ ಸ್ವಲ್ಪ ಬಗ್ಗಿಸಿದರೆ ಬಣ್ಣಗಳು ಹರಿದಾಡುತ್ತವೆ.

ಮಳೆ ಬಂದರೆ ಒದ್ದೆ ಕಿಟಕಿಯ ಒಳಗಿನಿಂದ ಹೊರಗಿನದನ್ನು ತೆಗೆಯಿರಿ. ನ್ಯೂಯಾರ್ಕಿನ ಸಾಲ್ ಲೀಟರ್ 1950ರ ದಶಕದಲ್ಲಿ ಹಬೆ ಹಿಡಿದ ಗಾಜು, ಮಳೆ ಹನಿ, ಅಂಗಡಿ ಕಿಟಕಿಗಳ ಮೂಲಕ ಬಣ್ಣದ ಫೋಟೋಗಳನ್ನು ತೆಗೆದರು. ಬೀದಿ ಅದೇ ಬೀದಿ. ನಡುವೆ ಒಂದು ಗಾಜು ಬಂತು ಅಷ್ಟೇ.

ಚಲನೆಯನ್ನು ಹೇಗೆ ತೋರಿಸುವುದು?

ಶಟರ್ ವೇಗದಿಂದ, ಅಂದರೆ ಕ್ಯಾಮೆರಾ ಎಷ್ಟು ಹೊತ್ತು ಬೆಳಕನ್ನು ಒಳಗೆ ಬಿಡುತ್ತದೆ ಅನ್ನುವುದರಿಂದ. ಫೋನಿನ ಪ್ರೊ ಮೋಡ್‌ನಲ್ಲಿ ಅದನ್ನು ಬದಲಿಸಬಹುದು, ಇಲ್ಲದಿದ್ದರೆ ಅದಕ್ಕೇ ಬೇರೆ ಆಪ್‌ಗಳಿವೆ. ನಲ್ಲಿಯ ನೀರನ್ನು 1/1000 ಸೆಕೆಂಡಿಗೆ ತೆಗೆದರೆ ಗಾಜಿನ ಮಣಿಗಳು, 1/4 ಸೆಕೆಂಡಿಗೆ ತೆಗೆದರೆ ರೇಷ್ಮೆ. ಎರಡನೆಯದಕ್ಕೆ ಫೋನ್ ಅಲ್ಲಾಡಬಾರದು, ಟ್ರೈಪಾಡ್ ಬೇಕು. ಹೋಗುವ ಸೈಕಲ್ ಜೊತೆ ಫೋನನ್ನೂ ತಿರುಗಿಸುತ್ತ 1/30ಕ್ಕೆ ತೆಗೆದರೆ ಸವಾರ ಸ್ಪಷ್ಟ, ಹಿನ್ನೆಲೆ ಗೆರೆ ಗೆರೆ. ಹತ್ತರಲ್ಲಿ ಒಂದು ಸರಿ ಬಂದರೆ ಪುಣ್ಯ.

ಮನೆಯ ಎಲ್‌ಇಡಿ ದೀಪದಡಿ ತೆಗೆದ ಫೋಟೋದಲ್ಲಿ ಕಪ್ಪು ಪಟ್ಟೆ ಬರುತ್ತಿದೆಯಾ? 50 ಹರ್ಟ್ಸ್ ಕರೆಂಟಿನಲ್ಲಿ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ, 60 ಹರ್ಟ್ಸ್ ಇರುವ ಕಡೆ 120 ಸಲ. ಶಟರನ್ನು ಅದಕ್ಕೆ ಹೊಂದುವಂತೆ 1/50 ಅಥವಾ 1/100ಕ್ಕೆ ಇಡಿ. 60 ಹರ್ಟ್ಸ್ ಆದರೆ 1/60 ಅಥವಾ 1/120.

ಅತೀ ವೇಗದ ಫೋಟೋ ಅಂದರೆ ನೆನಪಾಗುವುದು ಅಮೆರಿಕದ ಹೆರಾಲ್ಡ್ ಎಡ್ಗರ್ಟನ್. ಎಂಐಟಿ ವಿಶ್ವವಿದ್ಯಾಲಯದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಪಾಠ ಮಾಡುತ್ತಿದ್ದವರು. ಕೆಂಪು ತಳದ ಮೇಲೆ ಹಾಲಿನ ಹನಿ ಬಿದ್ದು ಕಿರೀಟದ ಹಾಗೆ ಚಿಮ್ಮುವ ಅವರ ಬಣ್ಣದ ಫೋಟೋ 1957ರದು. ಅದೇ ಹಾಲಿನ ಹನಿಯ ಬೆನ್ನು ಹತ್ತಿ ಅವರು 1930ರ ದಶಕದಿಂದಲೂ ಫೋಟೋ ತೆಗೆಯುತ್ತಲೇ ಇದ್ದರು. ಗುಟ್ಟು ಶಟರ್‌ನಲ್ಲಿ ಇರಲಿಲ್ಲ. ಕತ್ತಲ ಕೋಣೆಯಲ್ಲಿ ಕ್ಷಣದ ಸಣ್ಣ ಚೂರಿನಷ್ಟೇ ಹೊತ್ತು ಬೆಳಗುವ ಫ್ಲ್ಯಾಶ್‌ನಲ್ಲಿತ್ತು.

ಬಣ್ಣವೋ ಕಪ್ಪು ಬಿಳುಪೋ?

ಬಣ್ಣ ತೆಗೆದುಬಿಟ್ಟರೂ ಫೋಟೋ ಉಳಿಯುತ್ತದಾ ಅಂತ ಕೇಳಿಕೊಳ್ಳಿ. ಉಳಿದರೆ ಕಪ್ಪು ಬಿಳುಪು. ನೆರಳು, ಆಕಾರ, ಒರಟುತನ ಮುಖ್ಯವಾಗಿದ್ದರೆ ಬಣ್ಣ ಸುಮ್ನೆ ಅಡ್ಡ ಬರುತ್ತದೆ. ನೀಲಿ ಗೋಡೆಯ ಮುಂದೆ ಹಳದಿ ಬಕೆಟ್ ಇದ್ದರೆ ಬಣ್ಣವೇ ವಿಷಯ, ಅದನ್ನು ಕಳೆಯಬೇಡಿ.

ಸಪ್ಪೆ ಫೋಟೋವನ್ನು ಕಪ್ಪು ಬಿಳುಪು ಮಾಡಿದರೆ 'ಕಲಾತ್ಮಕ' ಆಗುತ್ತದೆ ಅನ್ನುವುದು ಭ್ರಮೆ. ಒಂದು ಕಾಲದಲ್ಲಿ ಇದು ದೊಡ್ಡವರ ಭ್ರಮೆಯೂ ಆಗಿತ್ತು. 1976ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ವಿಲಿಯಂ ಎಗಲ್‌ಸ್ಟನ್ ಅವರ ಬಣ್ಣದ ಫೋಟೋಗಳ ಪ್ರದರ್ಶನ ಇಟ್ಟಿತು. ಬಣ್ಣ, ಅದೂ ಇಂಥ ಮಾಮೂಲಿ ವಸ್ತುಗಳು ಅಂತ ವಿಮರ್ಶಕರು ಉಗಿದರು. ಎಗಲ್‌ಸ್ಟನ್ ಅವರ ಹೆಸರಾದ ಫೋಟೋ ಒಂದು ಮಕ್ಕಳ ಮೂರು ಗಾಲಿ ಸೈಕಲ್‌ನದು. ನೆಲದ ಮಟ್ಟದಿಂದ ತೆಗೆದಿದ್ದಾರೆ. ಹಿಂದಿನ ಮನೆ ಸೈಕಲ್ಲಿಗಿಂತ ಚಿಕ್ಕದಾಗಿ ಕಾಣುತ್ತದೆ.

ಬಿಳಿ ವಸ್ತು ಬೂದಾಗಿ, ಕಪ್ಪು ವಸ್ತು ತೊಳೆದ ಹಾಗೆ ಬರುತ್ತದೆ. ಯಾಕೆ?

ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರ್ ಎಲ್ಲವನ್ನೂ ಮಧ್ಯಮ ಬೂದಿಗೆ ತರಲು ನೋಡುತ್ತದೆ. ಬಿಳಿ ಬಟ್ಟೆ ಕಂಡರೆ ಬೆಳಕು ಜಾಸ್ತಿಯಾಯಿತು ಅಂತ ಇಳಿಸುತ್ತದೆ. ಕಪ್ಪು ಕೊಡೆ ಕಂಡರೆ ಏರಿಸುತ್ತದೆ. ಪರದೆ ಮೇಲೆ ವಸ್ತುವನ್ನು ಒತ್ತಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಬಿಳಿಗೆ ಮೇಲೆ, ಕಪ್ಪಿಗೆ ಕೆಳಗೆ ಎಳೆಯಿರಿ. ಬೇರೆ ಕ್ಯಾಮೆರಾ ಆದರೆ ಎಕ್ಸ್‌ಪೋಷರ್ ಏರಿಸಿ ಇಳಿಸುವ ಅಳತೆಯಲ್ಲಿ ಬಿಳಿಗೆ +1ರಿಂದ ಶುರು ಮಾಡಿ ನೋಡಿ.

ವಸ್ತುವನ್ನು ಬೇಕಾದ ಹಾಗೆ ಜೋಡಿಸಿ ತೆಗೆದರೆ ಮೋಸ ಅಲ್ವಾ?

ಸುದ್ದಿ ಫೋಟೋ ಆದರೆ ಮೋಸ. ಲೋಟದ ಫೋಟೋದಲ್ಲಿ ಎಂಥ ಮೋಸ? ಅಮೆರಿಕದ ಫೋಟೋಗ್ರಾಫರ್ ಎಡ್ವರ್ಡ್ ವೆಸ್ಟನ್ 1930ರಲ್ಲಿ ತೆಗೆದ 30ನೇ ನಂಬರಿನ ದೊಣ್ಣೆ ಮೆಣಸಿನಕಾಯಿ ಫೋಟೋ ಜಗತ್ಪ್ರಸಿದ್ಧ. ನೋಡಿದರೆ ತಿರುಚಿ ಕೂತ ಮನುಷ್ಯನ ಬೆನ್ನೋ ತೋಳೋ ಅನ್ನಿಸುತ್ತದೆ. ನಂಬರ್ ನೋಡಿದರೇ ಗೊತ್ತಾಗುತ್ತದೆ, ಅದು ಮೊದಲನೆಯದಲ್ಲ ಅಂತ. ಬಟ್ಟೆ, ಬಿಳಿ ಹಲಗೆ ಎಲ್ಲ ಹಿನ್ನೆಲೆಗೆ ಇಟ್ಟು ನೋಡಿಯಾದ ಮೇಲೆ ಅವರು ಕಾಯಿಯನ್ನು ಒಂದು ತಗಡಿನ ಆಲಿಕೆಯೊಳಗೆ ಇಟ್ಟರು. ಆಲಿಕೆಯ ಒಳಗೋಡೆ ಸುತ್ತಲಿಂದ ಬೆಳಕನ್ನು ಕಾಯಿಯ ಮೇಲೆ ತಿರುಗಿಸಿತು, ಹಿನ್ನೆಲೆಯನ್ನೂ ಕತ್ತಲು ಮಾಡಿತು. ಆಲಿಕೆ ಇಟ್ಟಿದ್ದು ಮೋಸ ಅಂತ ಯಾರೂ ಅನ್ನಲಿಲ್ಲ.

ಜೋಡಿಸುವಾಗ ಒಂದು ಎಚ್ಚರ: ವಸ್ತುಗಳನ್ನು ಸೇರಿಸುತ್ತ ಹೋಗಬೇಡಿ, ತೆಗೆಯುತ್ತ ಬನ್ನಿ. ಪಕ್ಕದಲ್ಲೊಂದು ಹೂವು, ಹಿಂದೊಂದು ಪುಸ್ತಕ, ಮೇಲೊಂದು ಕನ್ನಡಕ ಇಟ್ಟ ಕೂಡಲೇ ಅದು ಜಾಹೀರಾತಾಗುತ್ತದೆ.

ಎಡಿಟಿಂಗ್ ಎಷ್ಟಿರಬೇಕು? ಫಿಲ್ಟರ್ ಹಾಕಬಹುದಾ?

ಕ್ರಾಪ್, ಎಕ್ಸ್‌ಪೋಷರ್, ಕಾಂಟ್ರಾಸ್ಟ್, ಸೊಟ್ಟ ಇದ್ದರೆ ನೇರ ಮಾಡುವುದು, ಇಷ್ಟು ಸಾಕು. ರೆಡಿ ಫಿಲ್ಟರ್‌ಗಳು ನನಗೆ ಅಷ್ಟಕ್ಕಷ್ಟೇ. ಎಲ್ಲರ ಫೋಟೋವನ್ನೂ ಒಬ್ಬರೇ ತೆಗೆದಂತೆ ಮಾಡಿಬಿಡುತ್ತವೆ. ಕತ್ತಲು ಬೆಳಕನ್ನು ಸರಿದೂಗಿಸುವ ಎಚ್‌ಡಿಆರ್ ಬಗ್ಗೆಯೂ ಹುಷಾರು. ಫೋನ್ ತಾನಾಗಿಯೇ ನೆರಳನ್ನೆಲ್ಲ ಎತ್ತಿ ಬೆಳಗಿಸುತ್ತದೆ, ನೀವು ಕಷ್ಟಪಟ್ಟು ಹುಡುಕಿದ ಕತ್ತಲು ಮಾಯ. ಎಡಿಟ್ ಮಾಡುವಾಗ ಕಪ್ಪನ್ನು ಮತ್ತೆ ಕಪ್ಪು ಮಾಡಿ.

ಐಡಿಯಾ ಖಾಲಿಯಾದಾಗ ಏನು ಮಾಡುವುದು?

ಹೊಸ ವಸ್ತು ಹುಡುಕಬೇಡಿ. ಹಳೆಯದರ ಹತ್ತಿರವೇ ಇನ್ನೂ ಸ್ವಲ್ಪ ಹೊತ್ತು ಇರಿ. ಮೊದಲ ನಾಲ್ಕೈದು ಫೋಟೋ ಎಲ್ಲರೂ ತೆಗೆಯುವಂಥದ್ದೇ ಆಗಿರುತ್ತದೆ. ಅವು ಮುಗಿದ ಮೇಲೆ ಬೇಜಾರು ಬರುತ್ತದೆ. ಆ ಬೇಜಾರಿನ ಆಚೆಗೆ ಕೈ ಬೇರೆ ಏನಾದರೂ ಮಾಡತೊಡಗುತ್ತದೆ. ಒಂದು ಸ್ಟೀಲ್ ಚಮಚ ತಗೊಳ್ಳಿ. ಅದರ ಗುಂಡಿ ಬದಿಯಲ್ಲಿ ಕೋಣೆ ತಲೆಕೆಳಗಾಗಿ ಕಾಣುತ್ತದೆ, ಉಬ್ಬು ಬದಿಯಲ್ಲಿ ನೆಟ್ಟಗೆ. ಕಿಟಕಿ ಒಂದು ಬಾಗಿದ ಬಿಳಿ ಚೌಕ ಆಗುತ್ತದೆ. ಬಿಸಿಲಲ್ಲಿ ಹಿಡಿದರೆ ಗೋಡೆ ಮೇಲೆ ಬೆಳಕಿನ ಒಂದು ಗೆರೆ ಕುಣಿಯುತ್ತದೆ. ಹಿಡಿಯ ಮೇಲೆ ವರ್ಷಗಳ ಸಣ್ಣ ಗೀರುಗಳು. ನೀರಲ್ಲಿ ಅರ್ಧ ಮುಳುಗಿಸಿದರೆ ಮುರಿದ ಹಾಗೆ ಕಾಣುತ್ತದೆ. ಇಷ್ಟರಲ್ಲಿ ಯಾವುದನ್ನೂ ಮೊದಲ ಕ್ಲಿಕ್ಕಿನಲ್ಲಿ ನೋಡಿರುವುದಿಲ್ಲ.

ಪ್ರಾಗ್ ನಗರದ ಯೋಸೆಫ್ ಸುಡೆಕ್ ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡವರು. ಎರಡನೇ ಯುದ್ಧದ ಹೊತ್ತಿಗೆ ಊರು ಜರ್ಮನ್ನರ ವಶದಲ್ಲಿತ್ತು. ಕ್ಯಾಮೆರಾ ಹಿಡಿದು ಹೊರಗೆ ತಿರುಗುವುದು ಸುಲಭ ಇರಲಿಲ್ಲ. 1940ರಿಂದ 1954ರವರೆಗೆ ಅವರು ತಮ್ಮ ಸ್ಟುಡಿಯೋದ ಕಿಟಕಿಯನ್ನೇ ತೆಗೆದರು. ಒಮ್ಮೆ ಗಾಜಿನ ಮೇಲೆ ಹಿಮ, ಒಮ್ಮೆ ಹನಿ, ಹೊರಗೊಂದು ಸೊಟ್ಟ ಮರ, ಒಳಗೆ ದಂಡೆಯ ಮೇಲೊಂದು ಲೋಟ. ಹದಿನಾಲ್ಕು ವರ್ಷ, ಒಂದು ಕಿಟಕಿ.

ಅಷ್ಟು ತಾಳ್ಮೆ ಇಲ್ಲದಿದ್ದರೆ ನಿಮಗೆ ನೀವೇ ಒಂದು ಕಟ್ಟು ಹಾಕಿಕೊಳ್ಳಿ. ಇವತ್ತು ಬರೀ ನೀಲಿ. ಇವತ್ತು ಬರೀ ನೆರಳು. ಇವತ್ತು ಮೊಣಕಾಲಿಗಿಂತ ಕೆಳಗಿನದು ಮಾತ್ರ. ಏನು ಬೇಕಾದರೂ ತೆಗೆಯಬಹುದು ಅಂದಾಗ ಏನೂ ಹೊಳೆಯುವುದಿಲ್ಲ.

ಬೇರೆಯವರ ಫೋಟೋ ನೋಡಿ ಅದೇ ಥರ ತೆಗೆದರೆ ತಪ್ಪಾ?

ಕಲಿಯಲು ತೆಗೆದರೆ ತಪ್ಪಿಲ್ಲ. ಬೆಳಕು ಎಲ್ಲಿಂದ ಬಂದಿದೆ, ಕ್ಯಾಮೆರಾ ಯಾವ ಎತ್ತರದಲ್ಲಿದೆ ಅಂತ ಊಹಿಸಿ ಅದೇ ರೀತಿ ತೆಗೆಯಲು ನೋಡುವುದು ಒಳ್ಳೆ ಪಾಠ. ಹಾಗೆ ತೆಗೆದದ್ದನ್ನು ನನ್ನದೇ ಐಡಿಯಾ ಅಂತ ಹೇಳಿಕೊಳ್ಳಬೇಡಿ, ಅಷ್ಟೇ.

ಎಷ್ಟು ಫೋಟೋ ಇಟ್ಟುಕೊಳ್ಳಲಿ? ಯಾವುದನ್ನು ಅಳಿಸಲಿ?

ತೆಗೆದ ದಿನವೇ ಅಳಿಸಬೇಡಿ. ಆ ದಿನ ನಿಮಗೆ ಪಟ್ಟ ಕಷ್ಟ ನೆನಪಿರುತ್ತದೆ, ಫೋಟೋ ಕಾಣುವುದಿಲ್ಲ. ಒಂದು ವಾರ ಬಿಟ್ಟು ನೋಡಿ. ಚಿಕ್ಕ ಥಂಬ್‌ನೇಲ್ ಆಗಿ ಇಟ್ಟಾಗಲೂ ಕಣ್ಣಿಗೆ ಬೀಳುವವನ್ನು ಉಳಿಸಿ. ಅಷ್ಟು ಚಿಕ್ಕದರಲ್ಲಿ ವಿವರ ಕಾಣುವುದಿಲ್ಲ, ಬೆಳಕು ಮತ್ತು ಆಕಾರ ಮಾತ್ರ ಕಾಣುತ್ತದೆ.

ಪ್ರಿಂಟ್ ಹಾಕಿಸಲು ಫೋನ್ ಫೋಟೋ ಸಾಲುತ್ತದಾ?

ಧಾರಾಳ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 8×10 ಇಂಚಿನ ಪ್ರಿಂಟಿಗೆ 2400×3000 ಪಿಕ್ಸೆಲ್ ಬೇಕು, ಅಂದರೆ 7.2 ಮೆಗಾಪಿಕ್ಸೆಲ್. 12 ಮೆಗಾಪಿಕ್ಸೆಲ್ ಫೋನ್ ಆದರೆ ಸ್ವಲ್ಪ ಕ್ರಾಪ್ ಮಾಡಿದರೂ ನಡೆಯುತ್ತದೆ. ಡಿಜಿಟಲ್ ಜೂಮ್ ಮಾಡಿ ತೆಗೆದಿದ್ದರೆ ಮಾತ್ರ ಮೊದಲು ಚಿಕ್ಕ ಪ್ರಿಂಟ್ ಹಾಕಿಸಿ ನೋಡಿ. ಮೆಸೇಜ್ ಆಪ್‌ನಲ್ಲಿ ಕಳಿಸಿದ ಫೋಟೋ ಸಾಮಾನ್ಯವಾಗಿ ಕುಗ್ಗಿರುತ್ತದೆ, ಪ್ರಿಂಟಿಗೆ ಮೂಲ ಫೈಲನ್ನೇ ಕೊಡಿ. ಪರದೆಗಿಂತ ಕಾಗದದಲ್ಲಿ ಫೋಟೋ ಸ್ವಲ್ಪ ಕಪ್ಪಾಗಿ ಕಾಣುತ್ತದೆ, ಹಾಗಾಗಿ ಕಳಿಸುವ ಮೊದಲು ಒಂದು ಚೂರು ಬೆಳಕು ಏರಿಸಿ. ಗೋಡೆಗೆ ಹಾಕುವುದಾದರೆ ಮ್ಯಾಟ್ ಕಾಗದ ಕೇಳಿ, ಹೊಳಪಿನ ಕಾಗದದಲ್ಲಿ ಎದುರಿನ ಟ್ಯೂಬ್‌ಲೈಟೇ ಕಾಣುತ್ತದೆ.